ಬಿಚ್ಚಿ ನೋಡಿದ ಮೇಲೆ

"ನಾನೇನು ಯಾರೋ ತಂದು ಬಿಸಾಕಿ ಹೋದ ಸೋಫಾನಾ? ಬಿಚ್ಚಿ ಹಾಕ್ಕೊಂಡು, ಗಿರಾಕಿ ಬಂದು ನೋಡ್ಲಿ ಅಂತ ಕಾಯೋಕೆ?"

"ಬೆಳಿಗ್ಗೆ ಬೆಳಿಗ್ಗೆ ಶುರು ಮಾಡ್ಬೇಡ."

"ಶುರು ಮಾಡಿದ್ದು ನಾನಲ್ಲ. ಆ ಡಾಕ್ಟರಮ್ಮನ ಮುಂದೆ ಬಾಯಿ ಬಿಟ್ಟೋನು ನೀನು. ನನ್ನ ಒಳಗೆ ಕರೀರಿ, ನಾನು ನೋಡಿ ಹೇಳ್ತೀನಿ ಅಂತ. ಏನ್ ನೋಡ್ತೀಯಾ ಒಳಗೆ ಬಂದು? ನನ್ನ ಹೊಟ್ಟೇಲಿ ಸ್ಪ್ರಿಂಗ್ ಇದೆಯಾ?"

"ತಲೆ ಆಡಿಸ್ದೆ ತಾನೇ ನೀನು? ಅವರು ಕೇಳಿದ್ರು, ನೀನು ಹೂಂ ಅಂತ ತಲೆ ಆಡಿಸ್ದೆ. ಪಕ್ಕದಲ್ಲೇ ಕೂತು ನೋಡಿದೀನಿ. ಆವಾಗ ತಲೆ ಆಡಿಸಿ ಈಗ ನನ್ನ ಮೇಲೆ ಎಗರಾಡಿದ್ರೆ?"

ತಲೆ ಆಡಿಸಿದ್ದು ನಿಜ. ಗಂಡ ಡಬ್ಬಿಯಿಂದ ಒಂದು ಚಿಟಿಕೆ ಸಣ್ಣ ಮೊಳೆ ತೆಗೆದು ಬಾಯಿಗೆ ಹಾಕಿಕೊಂಡ. ಅಲ್ಲಿಗೆ ಮಾತು ಮುಗಿಯಿತು. ಸೋಫಾ ಕುರ್ಚಿಗಳಿಗೆ ಬಟ್ಟೆ ಬಡಿಯುವವನಿಗೆ ಒಂದು ಕೈ ಬಟ್ಟೆ ಎಳೆದು ಹಿಡಿಯಲು ಬೇಕು, ಇನ್ನೊಂದು ಸುತ್ತಿಗೆಗೆ ಬೇಕು, ಮೊಳೆ ಇಟ್ಟುಕೊಳ್ಳಲು ಉಳಿಯುವುದು ಬಾಯಿ ಮಾತ್ರ. ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಳ್ಳುತ್ತಾನೆ, ಅಯಸ್ಕಾಂತದ ಸುತ್ತಿಗೆ ಅದನ್ನು ಎತ್ತಿಕೊಳ್ಳುತ್ತದೆ, ಟಪ್ ಅಂತ ಒಂದು ಏಟು. ಬಾಯಲ್ಲಿ ಮೊಳೆ ತುಂಬಿಕೊಂಡವನ ಹತ್ತಿರ ಜಗಳ ಆಡುವುದು ಹೇಗೆ? ಸಿಟ್ಟು ಬಂದು ನುಂಗಿಬಿಟ್ಟರೆ? ಮದುವೆಯಾದಾಗಿನಿಂದ ಅವರ ಜಗಳಗಳೆಲ್ಲ ಹೀಗೇ ಮುಗಿದಿದ್ದವು. ಗೆದ್ದವರು ಯಾರು ಸೋತವರು ಯಾರು ಅಂತ ತೀರ್ಮಾನವಾಗದೆ, ಟಪ್ ಟಪ್ ಅಂತ ಮೊಳೆ ಬಡಿಸಿಕೊಂಡು. ಬಡಿಯಲು ಕೆಲಸ ಇಲ್ಲದ ದಿನವೂ ಅವನು ಬಾಯಿಗೆ ಮೊಳೆ ಹಾಕಿಕೊಂಡು ಓಡಾಡುವುದನ್ನು ಅವಳು ನೋಡಿದ್ದಳು.

ಅವಳು ಹೊಲಿಗೆ ಮಷಿನ್ನಿಗೆ ಹೋಗಿ ಕೂತಳು. ಕೂತದ್ದು ಅವನೇ ಅವಳಿಗಾಗಿ ಮಾಡಿದ ಸ್ಟೂಲಿನ ಮೇಲೆ. ಮೊದಲು ಗಟ್ಟಿ ಫೋಮ್ ಹಾಕಿದ್ದ, ಅವಳಿಗೆ ನೋವು ಜಾಸ್ತಿಯಾದ ಹಾಗೆ ಬಿಚ್ಚಿ ಮೆತ್ತಗಿನದು ಹಾಕಿದ, ಆಮೇಲೆ ಮತ್ತೂ ಮೆತ್ತಗಿನದು. ಯಾವ ಫೋಮ್ ಹಾಕಿದರೂ ತಿಂಗಳಲ್ಲಿ ಕೆಲವು ದಿನ ಅದು ಕಲ್ಲಾಗುತ್ತಿತ್ತು. ಇವತ್ತು ಅಂಥ ದಿನಗಳಲ್ಲಿ ಮೊದಲನೆಯದು. ಹೊಕ್ಕಳ ಕೆಳಗಿಂದ ಶುರುವಾಗಿ ಬೆನ್ನಿಗೆ ಹೋಗಿ, ಅಲ್ಲಿಂದ ಎಡತೊಡೆಗೆ ಇಳಿದು, ಯಾರೋ ಒಳಗಿನಿಂದ ಪಟ್ಟಿ ಎಳೆದು ಬಿಗಿ ಮಾಡುತ್ತಿರುವಂತೆ. ಬಿಗಿ ಮಾಡುವುದು, ಸ್ವಲ್ಪ ಸಡಿಲ ಬಿಡುವುದು, ಮತ್ತೆ ಬಿಗಿ ಮಾಡುವುದು. ಸಂಜೆಯೊಳಗೆ ಆಸ್ಪತ್ರೆಗೆ ಹೋಗಿ ಸೇರಿಕೊಳ್ಳಬೇಕು, ನಾಳೆ ಬೆಳಿಗ್ಗೆ ಆಪರೇಷನ್. ಬರದಿದ್ದರೆ ಹಾಸಿಗೆ ಬೇರೆಯವರಿಗೆ ಅಂತ ಹೇಳಿದ್ದರು. ವ್ಯಾನಿನಲ್ಲಿ ತಾನೇ ಕರೆದುಕೊಂಡು ಹೋಗುತ್ತೇನೆ ಅಂತ ಗಂಡ ಹೇಳಿದ್ದ. ಎಲ್ಲ ಸರಿಯಾಗಿಯೇ ಇತ್ತು. ತಿರುಗಿ ನೋಡಿದರೆ ಯಾವುದೂ ಸರಿಯಿರಲಿಲ್ಲ.

ಆವತ್ತು ಡಾಕ್ಟರಮ್ಮನ ಕೋಣೆಯಲ್ಲಿ ರೋಗಿಗಳು ಕೂರುವ ಕುರ್ಚಿಯ ಎಡಗಡೆ ಕುಸಿದಿತ್ತು. ಕೂತವರ ಭಾರ ಹೊರುವ ಅಡಿಯ ಪಟ್ಟಿ ಹರಿದಿರಬೇಕು, ಕೂತ ಕೂಡಲೇ ಅವಳಿಗೆ ಗೊತ್ತಾಯಿತು, ಪಕ್ಕದ ಕುರ್ಚಿಯಲ್ಲಿ ಕೂತ ಗಂಡ ಅವಳ ಸೀಟಿನ ಅಡಿಗೆ ಕೈ ಹಾಕಿ ತಡವಿದ, ಅವನಿಗೂ ಗೊತ್ತಾಗಿತ್ತು. ಡಾಕ್ಟರಮ್ಮ ಸ್ಕ್ಯಾನಿಂಗಿನ ಚಿತ್ರದ ಮೇಲೆ ಪೆನ್ನಿನ ತುದಿ ಇಟ್ಟುಕೊಂಡು ಹೇಳುತ್ತಿದ್ದರು. ಎಂಡೋಮೆಟ್ರಿಯೋಸಿಸ್ ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ, ಗರ್ಭಕೋಶದ ಒಳಗೆ ಇರಬೇಕಾದ ಪದರದಂಥದ್ದೇ ಹೊರಗೆಲ್ಲ ಬೆಳೆಯುತ್ತೆ, ತಿಂಗಳು ತಿಂಗಳು ಅಲ್ಲೂ ರಕ್ತ ಬರುತ್ತೆ, ಆಚೆ ಹೋಗೋಕೆ ದಾರಿ ಇರಲ್ಲ, ಒಂದಕ್ಕೊಂದು ಅಂಟಿಕೊಳ್ಳುತ್ತೆ. ಹೋದ ಸಲ ಕೆರೆದು ತೆಗೆದಿದ್ದು ಮತ್ತೆ ಬಂದಿದೆ. ಈ ಸಲ ಅಂಡಾಶಯ, ಗರ್ಭಕೋಶ, ಕರುಳು ಮೂರೂ ಅಂಟಿರೋ ಹಾಗಿದೆ. ಬಿಡಿಸೋಕೆ ನೋಡ್ತೀನಿ. ಬಿಡಿಸೋಕೆ ಆಗದಷ್ಟು ಕೆಟ್ಟಿದ್ರೆ ಗರ್ಭಕೋಶ, ಎಡಗಡೆ ಅಂಡಾಶಯ ತೆಗೀಬೇಕಾಗುತ್ತೆ. ತೆಗೆದ್ರೂ ನೋವು ಪೂರ್ತಿ ಹೋಗುತ್ತೆ ಅಂತ ನಾನು ಗ್ಯಾರಂಟಿ ಕೊಡಲ್ಲ, ತುಂಬ ಜನಕ್ಕೆ ಕಡಿಮೆ ಆಗುತ್ತೆ. "ಎಷ್ಟು ಕೆಟ್ಟಿದೆ ಅಂತ ಈಗ್ಲೇ ಹೇಳಿ ಅಂದ್ರೆ ಹೇಳಕ್ಕಾಗಲ್ಲ. ಓಪನ್ ಮಾಡಿ ನೋಡಿದ ಮೇಲೇ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಎಷ್ಟೋ ತಿಂಗಳ ಮೇಲೆ ಇಬ್ಬರಿಗೂ ಒಟ್ಟಿಗೇ ನಗು ಬಂದಿತ್ತು. ಅದು ಅವರ ಅಂಗಡಿಯ ಮಾತು. ಬಾಗಿಲಲ್ಲಿ ನಿಂತು ಎಷ್ಟಾಗುತ್ತೆ, ಯಾವಾಗ ಕೊಡ್ತೀರಾ ಅಂತ ಕೇಳುವ ಪ್ರತಿಯೊಬ್ಬ ಗಿರಾಕಿಗೂ ಹೇಳುವ ಮಾತು. ಮೊದಲು ಹೇಳಿದವನು ಅವಳ ಅಪ್ಪ. ಅಂಗಡಿ ಅಪ್ಪನದು, ಗಂಡ ಅಲ್ಲಿ ಕೆಲಸಕ್ಕೆ ಬಂದವನು, ಅವಳನ್ನು ಮೇಸ್ತ್ರಿ ಮಗಳೇ ಅಂತ ಕರೆಯುತ್ತ ಸೂಜಿ ನೂಲು ಕೇಳುತ್ತಿದ್ದವನು, ಮದುವೆಯಾದ ಮೇಲೂ ಹಾಗೇ ಕರೆಯುವವನು. ಅವನಿಗೆ ಅಪ್ಪ ಕಲಿಸಿದ ಮೊದಲ ಪಾಠ ಮೊಳೆ ಹೊಡೆಯುವುದಲ್ಲ, ಬಾಯಿ ಮುಚ್ಚಿಕೊಂಡಿರುವುದು. ಬಿಚ್ಚಿ ನೋಡೋವರೆಗೂ ಏನೂ ಹೇಳಬೇಡ. ಬಿಚ್ಚಿದ ಮೇಲೆ ನೀನಾಗಿ ಒಂದು ಸ್ಪ್ರಿಂಗೂ ಬದಲಾಯಿಸಬೇಡ. ಗಿರಾಕಿನ ಕರೆಸು, ಒಳಗಿರೋದನ್ನ ಅವರ ಕಣ್ಣಿಗೆ ತೋರಿಸು, ಅವರ ಬಾಯಿಂದ ಹೇಳಿಸು. ಆಮೇಲೆ ಕೈ ಹಾಕು. ಊರಿನ ಬೇರೆ ಅಂಗಡಿಯವರು ಇದಕ್ಕೆ ನಗುತ್ತಿದ್ದರು, ನಿಮ್ಮ ಮೇಸ್ತ್ರಿ ಕುರ್ಚಿಗೆ ಪೋಸ್ಟ್ ಮಾರ್ಟಮ್ ಮಾಡಿ ಮನೆಯವರನ್ನ ಕರೆಸ್ತಾನಂತೆ ಅಂತ. ಅಪ್ಪ ಹೋದ ಮೇಲೂ ಅಂಗಡಿಯಲ್ಲಿ ಆ ನಿಯಮ ಒಂದು ದಿನವೂ ತಪ್ಪಿರಲಿಲ್ಲ.

ಹಾಗಾಗಿ ಡಾಕ್ಟರಮ್ಮ ಆ ಮಾತು ಹೇಳಿದ ಕೂಡಲೇ ಗಂಡನಿಗೆ ತನ್ನ ಮನೆಗೆ ಬಂದ ಹಾಗಾಯಿತು. ಅಲ್ಲಿಯವರೆಗೆ ಮುದುರಿ ಕೂತವನು ಬೆನ್ನು ನೆಟ್ಟಗೆ ಮಾಡಿದ. "ಸರಿ ಡಾಕ್ಟ್ರೇ, ನೀವು ಓಪನ್ ಮಾಡಿ. ಕೆಟ್ಟಿದೆ ಅನ್ಸಿದ್ರೆ ಅಲ್ಲೇ ನಿಲ್ಸಿ, ನನ್ನ ಒಳಗೆ ಕರೀರಿ. ನಾನು ನೋಡಿ ಹೇಳ್ತೀನಿ, ತೆಗೀಬೇಕೋ ಬೇಡ್ವೋ ಅಂತ." ಒಳ್ಳೆಯ ಕೆಲಸಗಾರ ಇನ್ನೊಬ್ಬ ಒಳ್ಳೆಯ ಕೆಲಸಗಾರನ ಹತ್ತಿರ ಮಾತಾಡುವ ಧಾಟಿ ಅದು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಿಮ್ಮನ್ನ ಒಳಗೆ ಕರೆಯೋಕಾಗಲ್ಲ. ಬೇಕಾದ್ರೆ ಹೊರಗೆ ಬಂದು ನಿಮ್ಮನ್ನ ಕೇಳಬಹುದು. ಅದಕ್ಕೂ ಮುಂಚೆ ಇವರು ಒಪ್ಪಬೇಕು. ಏನಮ್ಮಾ, ಹಾಗೇ ಮಾಡೋಣ್ವಾ? ನೀವು ಮತ್ತಲ್ಲಿರ್ತೀರಾ, ನಿಮ್ಮನ್ನ ಎಬ್ಬಿಸಿ ಕೇಳೋಕಾಗಲ್ಲ." ಆಗ ಅವಳು ತಲೆ ಆಡಿಸಿದಳು. ಕುರ್ಚಿಯ ಎಡಗಡೆ ಇನ್ನಷ್ಟು ಕುಸಿಯುತ್ತಿತ್ತು. ಇದಕ್ಕೆ ಎರಡು ಪಟ್ಟಿ ಸಾಕು, ಮಧ್ಯಾಹ್ನದೊಳಗೆ ಮಾಡಿಕೊಡಬಹುದು ಅಂತ ಅವಳು ಯೋಚಿಸುತ್ತಿದ್ದಳು. ಕುರ್ಚಿ ಯಾರದು, ಒಳಗಿರುವುದು ಏನು, ಗಿರಾಕಿ ಯಾರು ಅನ್ನುವುದು ಅವಳ ತಲೆಗೆ ಹೋದದ್ದು ಮನೆಗೆ ಬಂದು ಮುಖ ತೊಳೆಯುವಾಗ.

ಹೋಗಲಿ, ತಲೆ ಆಡಿಸಿದ್ದಕ್ಕೆ ಕುರ್ಚಿಯೊಂದೇ ಕಾರಣವೇ? ಮಷಿನ್ನಿನ ಕೆಳಗೆ ಸೋಫಾದ ಅಂಚಿಗೆ ಹುರಿ ತುಂಬಿ ಹೊಲಿಯುವ ಪೈಪಿಂಗ್ ಓಡುತ್ತಿತ್ತು, ಹಸಿರು ಬಟ್ಟೆ, ಉದ್ದಕ್ಕೂ ಒಂದೇ ಸಮ ಹೋಗಬೇಕು, ಪಾದ ಒತ್ತುವಾಗಲೆಲ್ಲ ಹೊಟ್ಟೆಗೆ ಹೋಗಿ ತಾಗುತ್ತಿತ್ತು. ಹಿಂದೊಮ್ಮೆಯೂ ಇಂಥದೇ ಒಂದು ದಿನ, ಆದರೆ ಆಗ ಬಟ್ಟೆ ಕೆನೆ ಬಣ್ಣದ್ದು. ಗಿರಾಕಿ ಇಷ್ಟಪಟ್ಟು ದೂರದಿಂದ ತರಿಸಿದ ಬಟ್ಟೆ. ಅದರ ಮೇಲೇ ಕೂತು ಅಂಚು ಹೊಲಿಯುತ್ತಿದ್ದವಳು ಎದ್ದಾಗ ಕೆನೆ ಬಣ್ಣದ ಮೇಲೆ ಅಂಗೈಯಗಲ ಕೆಂಪು. ಸೀರೆ ನೆನೆದಿದ್ದೇ ಗೊತ್ತಾಗಿರಲಿಲ್ಲ. ಗಿರಾಕಿ ಬಾಗಿಲಲ್ಲೇ ನಿಂತಿದ್ದಳು. ಗಂಡ ಬಟ್ಟೆಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, ಬಣ್ಣದ ಡಬ್ಬಿ ಉರುಳಿಬಿಡ್ತಮ್ಮ, ನನ್ನದೇ ತಪ್ಪು, ಬೇರೆ ತರಿಸಿ ಹಾಕಿಕೊಡ್ತೀನಿ ಅಂದ. ಆಕೆಯ ಹತ್ತಿರ ಸರಿಯಾಗಿ ಬೈಸಿಕೊಂಡ. ಆಮೇಲೆ ಯಾವತ್ತೂ ಆ ಮಾತು ಎತ್ತಲಿಲ್ಲ. ಎತ್ತಿ ನಾಲ್ಕು ಮಾತು ಅಂದುಬಿಟ್ಟಿದ್ದರೆ ಅವಳೂ ನಾಲ್ಕು ಅಂದು ಚುಕ್ತಾ ಮಾಡಿಬಿಡುತ್ತಿದ್ದಳು. ಅವನು ಅನ್ನಲಿಲ್ಲ. ಆವತ್ತಿನಿಂದ ಅವಳು ಅವನ ಮುಂದೆ ಸ್ವಲ್ಪ ಬಗ್ಗಿಯೇ ನಡೆದಳು, ಬೆನ್ನುನೋವಿಗೆ ಅಂತ ತನಗೆ ತಾನೇ ಹೇಳಿಕೊಂಡಳು. ಒಳ್ಳೆಯವನ ಜೊತೆ ಬಾಳುವುದು ಸುಲಭ ಅಂತ ಯಾರು ಹೇಳಿದರೋ. ಕೆಟ್ಟವನಾಗಿದ್ದರೆ ಡಾಕ್ಟರಮ್ಮನ ಮುಂದೆ ಅವಳ ತಲೆ ಅಷ್ಟು ಸಲೀಸಾಗಿ ಆಡುತ್ತಿರಲಿಲ್ಲ.

ಇನ್ನೊಂದು ಕಷ್ಟ ಯಾರಿಗೂ ಹೇಳುವಂಥದ್ದಲ್ಲ. ನೋವಿಲ್ಲದ ದಿನಗಳಲ್ಲಿ ಅವಳಿಗೆ ತನ್ನ ಮೇಲೆ ನಂಬಿಕೆ ಇರುತ್ತಿರಲಿಲ್ಲ. ಎದ್ದು, ಓಡಾಡಿ, ದೊಡ್ಡ ದೊಡ್ಡ ಬಟ್ಟೆ ಕತ್ತರಿಸಿ, ಅತ್ತೆಯ ಜೊತೆ ನಗುತ್ತ ಊಟ ಮಾಡುವಾಗ, ಹೋದ ವಾರ ನೆಲದ ಮೇಲೆ ಬಿದ್ದು ಸ್ಟೂಲಿನ ಕಾಲು ಹಿಡಿದುಕೊಂಡಿದ್ದವಳು ನಾಟಕ ಮಾಡಿದಳೇನೋ ಅನ್ನಿಸುತ್ತಿತ್ತು. ಅಷ್ಟೊಂದು ಇರಲಿಲ್ಲವೇನೋ. ಇದಕ್ಕೆಲ್ಲ ಹೊಟ್ಟೆ ಕೊಯ್ಯಿಸಿಕೊಳ್ಳುವುದೇ? ನೋವು ಬಂದ ದಿನ ಆ ಓಡಾಡುವವಳು ಎಲ್ಲಿ ಹೋದಳೋ, ತೆಗೀರಿ, ಏನಿದೆಯೋ ಎಲ್ಲ ತೆಗೆದು ಬಿಸಾಕಿ ಅಂತ ಹಲ್ಲು ಕಚ್ಚುವವಳು ಬಂದು ಕೂತಿರುತ್ತಿದ್ದಳು. ಇಬ್ಬರೂ ಒಂದೇ ಮನೆಯಲ್ಲಿದ್ದು ಒಬ್ಬರ ಮುಖ ಒಬ್ಬರು ನೋಡದ ವಾರಗಿತ್ತಿಯರಂತೆ. ಯಾರನ್ನು ಕೇಳಿ ನಿರ್ಧಾರ ಮಾಡಬೇಕು? ನೋವಲ್ಲಿ ಏನೂ ತೀರ್ಮಾನ ಮಾಡಬೇಡ ಅಂತ ಗಂಡ ಹೇಳುತ್ತಿದ್ದ, ಬುದ್ಧಿವಂತನ ಹಾಗೆ. ನೋವಿಲ್ಲದಾಗ ಮಾಡುವ ತೀರ್ಮಾನ ಮಾತ್ರ ಅವಳದು ಹೇಗಾಗುತ್ತದೆ? ನೋವಿನ ದಿನ ಅವಳು ಬೇರೆ ಯಾರದೋ ಹೆಂಡತಿಯೇ?

ಮಗುವಿನ ವಿಷಯ ಮುಗಿಯಿತು ಅಂತ ಅವಳು ಎಂದೋ ಅಂದುಕೊಂಡಿದ್ದಳು. ಮಾತ್ರೆ, ಸೂಜಿ, ಕಾಯುವುದು, ಕಾಯುವುದನ್ನು ಬಿಟ್ಟಿದ್ದೇವೆ ಅಂತ ನಟಿಸುವುದು, ಎಲ್ಲ ಆಗಿ, ವಯಸ್ಸು ನಲವತ್ತರ ಹತ್ತಿರ ಬಂದು, ಅದು ಮೂಲೆಯಲ್ಲಿ ಮಲಗಿದ ಮುದಿ ನಾಯಿಯಂತೆ ಉಸಿರಾಡುತ್ತ ಬಿದ್ದಿತ್ತು, ಅದನ್ನು ಬಳಸಿಕೊಂಡು ಓಡಾಡುವುದು ರೂಢಿಯಾಗಿತ್ತು. ಡಾಕ್ಟರಮ್ಮ ಗರ್ಭಕೋಶ ತೆಗೀಬೇಕಾಗುತ್ತೆ ಅಂದ ಕೂಡಲೇ ಯಾರೋ ಗೇಟು ಸದ್ದು ಮಾಡಿದ ಹಾಗೆ ಎದ್ದು ಬೊಗಳತೊಡಗಿತು. ಅವಳಿಗೇ ಆಶ್ಚರ್ಯ. ಇನ್ನೂ ಇದ್ದೀಯಾ ನೀನು? ಗಂಡನ ಒಳಗೂ ಅಂಥದೊಂದು ನಾಯಿ ಇದೆ ಅಂತ ಅವಳಿಗೆ ಗೊತ್ತು. ಅವನು ಒಳಗೆ ಕರೀರಿ ಅಂದದ್ದು ಅದಕ್ಕೇ. ಡಾಕ್ಟರಮ್ಮ ಹೊರಗೆ ಬಂದು ಕೇಳಿದರೆ ಅವನು ಏನು ಹೇಳುತ್ತಾನೆ ಅನ್ನುವುದೂ ಗೊತ್ತು. ಬೇಡ, ಹೇಗಿದೆಯೋ ಹಾಗೇ ಬಿಗಿ ಮಾಡಿ ಕೊಡಿ ಅನ್ನುತ್ತಾನೆ. ಹಳೆಯದನ್ನು ಎಸೆಯುವುದು ಅವನಿಗೆ ಆಗದು. ಅಂಗಡಿಯ ಅಟ್ಟದ ತುಂಬ ಬಾಗಿದ ಸ್ಪ್ರಿಂಗುಗಳು.

"ಊಟಕ್ಕೆ ಬಾ," ಅಂತ ಅತ್ತೆ ಒಳಬಾಗಿಲಲ್ಲಿ ನಿಂತು ಕರೆದರು. ಅಂಗಡಿಯ ಹಿಂದೆಯೇ ಮನೆ. ಒಳಗೆ ಹೋದರೆ ಅಡುಗೆಮನೆಯ ಮೇಜಿನ ಮೇಲೆ ಆಸ್ಪತ್ರೆಗೆ ಒಯ್ಯುವ ಕೈಚೀಲ ಆಗಲೇ ತುಂಬಿ ಕೂತಿತ್ತು. ಮೇಲೆ ಅತ್ತೆಯ ಎರಡು ಟವೆಲು. "ಅಲ್ಲಿಯ ಟವೆಲು ಗಬ್ಬು ನಾರುತ್ವೆ," ಅಂದರು ಅತ್ತೆ, ಅವಳು ಕೇಳದಿದ್ದರೂ. ಆಮೇಲೆ ತಟ್ಟೆ ಇಟ್ಟು, ಬಿಸಿನೀರಿನ ಚೀಲಕ್ಕೆ ನೀರು ಹುಯ್ಯುತ್ತ, ಅವಳ ಕಡೆ ನೋಡದೆ, "ಅದನ್ನ ತೆಗೆದುಬಿಟ್ರೆ ನೋವು ಹೋಗುತ್ತಾ?"

"ಗೊತ್ತಿಲ್ಲ ಅತ್ತೆ. ಗ್ಯಾರಂಟಿ ಇಲ್ಲ ಅಂದ್ರು."

"ನಾವು ಒಂದು ಕುರ್ಚಿಗೆ ಗ್ಯಾರಂಟಿ ಕೊಡ್ತೀವಿ. ಅಷ್ಟು ಓದಿ ಇವರಿಗೇನು ಬಂತು?" ಅತ್ತೆ ಚೀಲದ ಬಿರಡೆ ತಿರುಗಿಸಿದರು. "ಹೋಗುತ್ತೆ ಅಂದಿದ್ರೆ ತೆಗಿಸ್ಕೋ ಅಂತ ನಾನೇ ಹೇಳ್ತಿದ್ದೆ."

"ಹೋಗಲ್ಲ ಅಂದಿದ್ರೆ?"

"ಬೇಡ ಅಂತಿದ್ದೆ. ಗೊತ್ತಿಲ್ಲ ಅಂದ್ರೆ ನಾನೇನು ಹೇಳ್ಲಿ? ತಣ್ಣಗಾಗ್ತಿದೆ, ತಿನ್ನು." ಚೀಲವನ್ನು ಅವಳ ಮುಂದಿಟ್ಟು, ಗೋಡೆಗೆ ಹೇಳುವ ಹಾಗೆ, "ನಾನೂ ಬಿದ್ಕೊಳ್ತಿದ್ದೆ ಹೀಗೇ. ಆಗ ಅದಕ್ಕೆ ಹೆಸರು ಇರ್ಲಿಲ್ಲ, ಸೋಮಾರಿತನ ಅಂತಿದ್ರು."

ಅವಳು ತಲೆ ಎತ್ತಿ ನೋಡಿದಳು. ಅತ್ತೆ ಆಗಲೇ ಬೆನ್ನು ತಿರುಗಿಸಿ ಪಾತ್ರೆಗಳನ್ನು ಕುಕ್ಕತೊಡಗಿದ್ದರು. ಮುಂದೆ ಏನೂ ಬರುವುದಿಲ್ಲ ಅಂತ ಆ ಸದ್ದಿನ ಅರ್ಥ. ಮಗ ಮೊಳೆ ಹಾಕಿಕೊಳ್ಳುತ್ತಾನೆ, ತಾಯಿ ಪಾತ್ರೆ ಕುಕ್ಕುತ್ತಾರೆ. ಅವಳು ಬಿಸಿನೀರಿನ ಚೀಲವನ್ನು ಸೆರಗಿನೊಳಗೆ ಸಿಕ್ಕಿಸಿಕೊಂಡು ಎರಡು ತುತ್ತು ತಿಂದು ಅಂಗಡಿಗೆ ಬಂದಳು.

ಟೀಚರಮ್ಮ ಬಂದಿದ್ದರು. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಬೀದಿಗೆಲ್ಲ ಇನ್ನೂ ಟೀಚರಮ್ಮ. ತಮ್ಮ ತಾಯಿ ತೀರಿಕೊಂಡ ಮೇಲೆ ಅವರ ಕೈಕುರ್ಚಿಯನ್ನು ತಂದು ಬಿಟ್ಟು ಹೋಗಿದ್ದರು. ನಿನ್ನೆ ಗಂಡ ಅದನ್ನು ಬಿಚ್ಚಿದ್ದ. ಬಟ್ಟೆಯ ಕೆಳಗೆ ಬಟ್ಟೆ, ಅದರ ಕೆಳಗೆ ಇನ್ನೊಂದು, ಯಾರು ಯಾರೋ ಹಿಂದೆ ರಿಪೇರಿ ಮಾಡುವಾಗ ಹಳೆಯದನ್ನು ಕೀಳುವ ಗೋಜಿಗೆ ಹೋಗದೆ ಮೇಲೆ ಮೇಲೇ ಬಡಿದಿದ್ದರು. ಈಗ ಕುರ್ಚಿ ಅಂಗಡಿಯ ನಡುವೆ ಹೊಟ್ಟೆ ತೆರೆದುಕೊಂಡು ಕೂತಿತ್ತು. ತುಕ್ಕು ಹಿಡಿದ ಸ್ಪ್ರಿಂಗುಗಳು ಒಂದಕ್ಕೊಂದು ಸಿಕ್ಕಿಕೊಂಡಿದ್ದವು, ಹರಿದ ಪಟ್ಟಿಗಳು ಜೋಲುತ್ತಿದ್ದವು, ನಾರು ಕಪ್ಪು ಉಂಡೆಗಳಾಗಿತ್ತು. ಗಂಡ ಟೀಚರಮ್ಮನಿಗೆ ಇನ್ನೊಂದು ಸ್ಟೂಲು ಹಾಕಿದ, ಕುಡಿಯಲು ನೀರು ಕೊಟ್ಟ, ಸಂದಿಯಲ್ಲಿ ಸಿಕ್ಕಿದ್ದ ಹೇರ್‌ಪಿನ್ನು, ಒಂದು ಗುಂಡಿ, ಬಾಚಣಿಗೆಯ ಎರಡು ಹಲ್ಲು, ಎಲ್ಲವನ್ನೂ ತಟ್ಟೆಯಲ್ಲಿ ಇಟ್ಟು ಮುಂದೆ ಹಿಡಿದ. ಅವಳು ಸದ್ದಿಲ್ಲದೆ ಹೋಗಿ ತನ್ನ ಸ್ಟೂಲಿನ ಮೇಲೆ ಕೂತು, ಅಂಚು ಹೊಲಿದು ಮುಗಿದ ದಿಂಬನ್ನು ತೊಡೆಯ ಮೇಲೆ ಹಾಕಿಕೊಂಡು ದಬ್ಬಣದಿಂದ ಅದರ ಬಾಯಿ ಮುಚ್ಚತೊಡಗಿದಳು. ಕುರ್ಚಿಯ ಕಡೆ ನೋಡಬಾರದು ಅಂದುಕೊಂಡಳು. ನೋಡಿದಳು.

"ಉಳಿಸೋಕಾಗುತ್ತಾ?" ಅಂದರು ಟೀಚರಮ್ಮ.

"ಆಗುತ್ತಮ್ಮ. ಕಷ್ಟ, ಆದ್ರೂ ಆಗುತ್ತೆ. ಸ್ಪ್ರಿಂಗು ಬಿಡಿಸಿ, ಉಜ್ಜಿ, ಮತ್ತೆ ಅದನ್ನೇ ಕಟ್ಟಿಕೊಡ್ತೀನಿ. ಇಲ್ಲ, ಪೂರ್ತಿ ತೆಗೆದು ಹೊಸದು ಹಾಕ್ಲಾ ಅಂದ್ರೆ ಅದೂ ಸರಿ. ನೀವು ಹೇಳ್ಬೇಕು, ನಾನು ಹೇಳೋ ಹಾಗಿಲ್ಲ." ಗಂಡ ಮಂಡಿಯೂರಿ ಒಂದು ಸ್ಪ್ರಿಂಗಿನ ಮೇಲೆ ಬೆರಳಿಟ್ಟ, ಎಳೆಗೂಸಿನ ನೆತ್ತಿ ಮುಟ್ಟುವವನ ಹಾಗೆ. "ನನ್ನ ಕೇಳಿದ್ರೆ ಉಳಿಸ್ಕೊಳ್ಳಿ ಅಂತೀನಿ. ಅಮ್ಮನ ನೆನಪು ಅಲ್ವಾ."

"ನೆನಪು," ಅಂದರು ಟೀಚರಮ್ಮ. ತಟ್ಟೆಯಲ್ಲಿದ್ದ ಗುಂಡಿಯನ್ನು ಎತ್ತಿ ನೋಡಿ ಮತ್ತೆ ಇಟ್ಟರು. "ನಮ್ಮಮ್ಮ ಇದರಲ್ಲಿ ಒಂದು ದಿನ ಸುಖವಾಗಿ ಕೂತವಳಲ್ಲ ಕಣಪ್ಪ. ಇಲ್ಲಿ ಚುಚ್ಚುತ್ತೆ ಅಂತ ದಿಂಬು ಸಿಕ್ಕಿಸ್ಕೊಂಡು ಒಂದು ಪಕ್ಕಕ್ಕೆ ವಾಲ್ಕೊಂಡು ಕೂರೋಳು. ಜೀವನಪೂರ್ತಿ ವಾಲೇ ಕೂತಳು. ರಿಪೇರಿ ಮಾಡ್ಸೋಣ ಅಂದ್ರೆ, ನಿಮ್ಮಪ್ಪ ತಂದಿದ್ದು, ಹಾಗೇ ಇರ್ಲಿ ಅನ್ನೋಳು. ತೆಗೀರಿ. ಎಲ್ಲಾ ತೆಗೀರಿ."

"ಒಂದು ದಿನ ಯೋಚನೆ ಮಾಡಿ ಬೇಕಾದ್ರೆ. ಆಮೇಲೆ ಬೇಕು ಅಂದ್ರೆ ಬರಲ್ಲ."

"ಕೂರೋಳು ನಾನು ತಾನೇ?"

ಗಂಡ ನಕ್ಕುಬಿಟ್ಟ. "ಸರಿಯಮ್ಮ. ನಿಮ್ಮ ಮಾತೇ ಕೊನೆ," ಅಂದ.

ಟೀಚರಮ್ಮ ಹೋದ ಮೇಲೂ ಅವಳಿಗೆ ಅವರ ಮೇಲೆ ಸಿಟ್ಟು ಇಳಿಯಲಿಲ್ಲ. ಏನು ಸಲೀಸು. ಮೂರು ಮಾತಾಡಿ, ನೀರು ಕುಡಿದು, ಎದ್ದು ಹೋದರು. ಹೊಟ್ಟೆ ಕುರ್ಚಿಯಲ್ಲ. ಹೊಟ್ಟೆಗೆ ಹೊಸ ಸ್ಪ್ರಿಂಗು ಸಿಕ್ಕುವುದಿಲ್ಲ, ತೆಗೆದ ಜಾಗದಲ್ಲಿ ಏನೂ ಹಾಕುವುದಿಲ್ಲ, ಖಾಲಿ ಬಿಟ್ಟು ಹೊಲಿಯುತ್ತಾರೆ. ಕುರ್ಚಿ ಒಳಗಿದ್ದದ್ದನ್ನು ನೆನೆದು ಅಳುವುದಿಲ್ಲ. ಇದನ್ನೆಲ್ಲ ಯಾರಿಗೋ ಕೂಗಿ ಹೇಳಬೇಕು ಅನ್ನಿಸಿತು, ಯಾರಿಗೆ ಅಂತ ಗೊತ್ತಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ ಕಿವಿಯಲ್ಲಿ ಕೂತಿದ್ದು ಗಂಡನ ದನಿ. ಸರಿಯಮ್ಮ, ನಿಮ್ಮ ಮಾತೇ ಕೊನೆ. ಎಷ್ಟು ಹಗುರಾಗಿ ಅಂದ, ಎಷ್ಟು ಮರ್ಯಾದೆಯಿಂದ. ಅವಳಿಗೆ ಅವನು ಫೋಮ್ ಬದಲಾಯಿಸಿದ್ದಾನೆ, ಅವಳಿಗಾಗಿ ಬೈಸಿಕೊಂಡಿದ್ದಾನೆ, ನೋವಿನ ದಿನ ಭಾರದ ಸೋಫಾಗಳನ್ನು ಒಬ್ಬನೇ ಎತ್ತಿದ್ದಾನೆ. ಆ ಒಂದು ಮಾತನ್ನು ಮಾತ್ರ ಈ ದನಿಯಲ್ಲಿ ಎಂದೂ ಅಂದಿಲ್ಲ. ಅಂದು ಗೊತ್ತಿಲ್ಲ ಅವನಿಗೆ. ಅವನ ಲೆಕ್ಕದಲ್ಲಿ ಅವಳೂ ಅವನೂ ಮೇಜಿನ ಈಚೆ ಕೂತವರು, ಗಿರಾಕಿ ಅನ್ನುವವನು ಆಚೆ. ಅಪ್ಪನ ನಿಯಮವನ್ನು ಅವನು ಅಪ್ಪನಿಗಿಂತ ಚೆನ್ನಾಗಿ ಪಾಲಿಸಿದ, ಒಂದು ಸಲ ಮಾತ್ರ ಗಿರಾಕಿ ಯಾರು ಅನ್ನುವುದನ್ನು ತಪ್ಪು ತಿಳಿದ. ಇದನ್ನು ಅವನಿಗೆ ಬಿಡಿಸಿ ಹೇಳಿದರೆ ಅರ್ಥವಾಗುತ್ತದೆ. ದಡ್ಡನಲ್ಲ. ಅರ್ಥವಾದ ಮೇಲೆ ಅವನ ಮುಖ ಹೇಗೆ ಸಣ್ಣಗಾಗುತ್ತದೆ ಅನ್ನುವುದೂ ಅವಳಿಗೆ ಗೊತ್ತು, ಆ ಮುಖ ನೋಡಿ ಅವಳೇ ಹೋಗಲಿ ಬಿಡು ಅನ್ನುತ್ತಾಳೆ ಅನ್ನುವುದೂ ಗೊತ್ತು. ಹೇಳುವಷ್ಟು ತ್ರಾಣ ಇರಲಿಲ್ಲ. ಬಿಡಿಸಿ ಹೇಳಿ ಹೇಳಿಯೇ ಅರ್ಧ ಜೀವ ಹೋಗಿತ್ತು.

ಒಳಗಿನ ಪಟ್ಟಿ ಇದ್ದಕ್ಕಿದ್ದಂತೆ ಬಿಗಿಯಿತು. ದಬ್ಬಣವನ್ನು ದಿಂಬಿಗೆ ಚುಚ್ಚಿ, ದಿಂಬನ್ನು ಸ್ಟೂಲಿನ ಮೇಲೆ ಹಾಕಿ, ಗೋಡೆ ಹಿಡಿದುಕೊಂಡು ಹಿಂದಿನ ಬಚ್ಚಲಿಗೆ ಹೋದಳು. ತಣ್ಣಗಿನ ಗೋಡೆಗೆ ಹಣೆ ಒತ್ತಿ ನಿಂತಳು. ಸುಣ್ಣ ಉದುರಿದ ಜಾಗದಲ್ಲಿ ಒಂದು ಸಾಲು ಇರುವೆ ಏನನ್ನೋ ಹೊತ್ತುಕೊಂಡು ಹೋಗುತ್ತಿತ್ತು, ತುಂಬ ಮುಖ್ಯವಾದ ಕೆಲಸ ಇದ್ದ ಹಾಗೆ. ಈಗ ನಿರ್ಧಾರ ಮಾಡಬಾರದು, ಇದು ನೋವಿನ ಹೊತ್ತು, ಅಂದುಕೊಂಡಳು. ನೋವು ಇಳಿಯಿತು. ಈಗ ಮಾಡಬಹುದೇ? ನೋವು ಇಳಿದವಳು ಆಗಲೇ ಅಷ್ಟೇನೂ ಇರಲಿಲ್ಲ ಅನ್ನತೊಡಗಿದ್ದಳು. ಆ ಸಣ್ಣ ಸಂದಿಯಲ್ಲಿ, ಒಬ್ಬಳು ಹೋಗಿ ಇನ್ನೊಬ್ಬಳು ಪೂರ್ತಿ ಬರುವ ಮೊದಲು, ಅವಳಿಗೆ ತಾನು ಡಾಕ್ಟರಮ್ಮನಿಗೆ ಹೇಳಬೇಕಾದ ಮಾತು ಸಿಕ್ಕಿತು. ಬಿಡಿಸೋಕೆ ನೋಡಿ. ಆಗದಿದ್ರೆ ತೆಗೀರಿ. ಹೊರಗೆ ಹೋಗಿ ಯಾರನ್ನೂ ಕೇಳಬೇಡಿ. ದೊಡ್ಡ ಮಾತೇನಲ್ಲ. ಹೇಳಿಕೊಂಡರೆ ಎದೆಯೇನೂ ಹಗುರಾಗಲಿಲ್ಲ. ಎಚ್ಚರವಾದಾಗ ಗರ್ಭಕೋಶ ಇಲ್ಲ ಅಂತ ಗೊತ್ತಾದರೆ ಅಳು ಬರುತ್ತದೋ ಏನೋ, ನಾಯಿ ಬೊಗಳುತ್ತದೋ, ಸುಮ್ಮನಾಗುತ್ತದೋ. ಬಂದರೆ ಬರಲಿ. ಅಳುವವಳು ತಾನು ತಾನೇ.

ಮುಖ ತೊಳೆದುಕೊಂಡು ಅಡುಗೆಮನೆಗೆ ಹೋದಳು. ಅತ್ತೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು, ಬಾಯಿ ಸ್ವಲ್ಪ ತೆರೆದಿತ್ತು, ಒಂದು ಕೈ ಹೊಟ್ಟೆಯ ಮೇಲಿತ್ತು. ಎಬ್ಬಿಸಲಿಲ್ಲ. ಕೈಚೀಲ ಎತ್ತಿಕೊಂಡಳು. ಟವೆಲುಗಳಿಂದಾಗಿ ಭಾರವಾಗಿತ್ತು. ಒಂದನ್ನು ತೆಗೆದಿಡೋಣ ಅಂದುಕೊಂಡು, ಬೇಡ ಅಂತ ಹಾಗೇ ಬಿಟ್ಟಳು.

ಅಂಗಡಿಯಲ್ಲಿ ಗಂಡ ಟೀಚರಮ್ಮನ ಕುರ್ಚಿಯನ್ನು ತಲೆಕೆಳಗು ಮಾಡಿ ಹೊಸ ಪಟ್ಟಿ ಬಡಿಯುತ್ತಿದ್ದ. ಹಳೆಯ ಸ್ಪ್ರಿಂಗುಗಳನ್ನು ಎಸೆದಿರಲಿಲ್ಲ, ಗೋಡೆಯ ಪಕ್ಕ ಸಾಲಾಗಿ ಜೋಡಿಸಿಟ್ಟಿದ್ದ, ಅಟ್ಟಕ್ಕೆ ಹಾಕಲು. ಎಡಗೈಯಲ್ಲಿ ಮರದ ತುಂಡಿಗೆ ಪಟ್ಟಿ ಸುತ್ತಿ ಮೈಭಾರವೆಲ್ಲ ಹಾಕಿ ಎಳೆದು ಹಿಡಿದಿದ್ದ. ಬಲಗೈಯಲ್ಲಿ ಸುತ್ತಿಗೆ. ತುಟಿಗಳ ನಡುವೆ ಮೊಳೆಗಳ ತಲೆಗಳು ಹೊಳೆಯುತ್ತಿದ್ದವು.

"ನಾನು ಹೊರಟೆ," ಅಂದಳು.

"ಊಂ," ಅಂದ, ತಿರುಗದೆ. ಗುಂಡಿಯೋ ನೂಲೋ ತರಲು ಹೊರಟಿದ್ದಾಳೆ ಅಂದುಕೊಂಡಿರಬೇಕು. ಟಪ್.

"ವ್ಯಾನ್ ಬೇಡ. ಬಸ್ಸಲ್ಲಿ ಹೋಗ್ತೀನಿ."

ಟಪ್ ನಿಂತಿತು.

"ಡಾಕ್ಟರಮ್ಮನಿಗೆ ನಾನೇ ಹೇಳ್ತೀನಿ. ನಿನ್ನ ಯಾರೂ ಕೇಳಲ್ಲ. ಆಪರೇಷನ್ ನಡೆಯೋವಾಗ ನೀನು ಅಲ್ಲಿರೋದೂ ಬೇಡ."

ಆಗ ಅವನು ತಿರುಗಿದ. ಮೊದಲು ಅವಳ ಮುಖ ನೋಡಿದ, ಆಮೇಲೆ ಕೈಚೀಲ, ಮತ್ತೆ ಮುಖ. ಬಾಯಿಯ ತುಂಬ ಮೊಳೆ. ಮಾತಾಡಬೇಕಾದರೆ ಅವನ್ನು ಉಗುಳಬೇಕು, ಅಂಗೈಗೆ ಉಗುಳಬೇಕಾದರೆ ಒಂದು ಕೈ ಖಾಲಿಯಾಗಬೇಕು, ಪಟ್ಟಿ ಬಿಟ್ಟರೆ ಎಳೆತ ಎಲ್ಲ ಸಡಿಲವಾಗಿ ಮೊದಲಿನಿಂದ ಶುರು ಮಾಡಬೇಕು. ಸುತ್ತಿಗೆಯನ್ನಾದರೂ ಕೆಳಗಿಡಬಹುದು. ಅವನ ಕಣ್ಣು ಸುತ್ತಿಗೆಯ ಕಡೆ ಹೋಯಿತು, ಪಟ್ಟಿಯ ಕಡೆ ಹೋಯಿತು, ಮತ್ತೆ ಅವಳ ಕಡೆ ಬಂತು. ತೋಳಿನ ನರಗಳು ಉಬ್ಬಿದ್ದವು. ಅವಳು ನಿಂತು ನೋಡಿದಳು. ಸಿಟ್ಟಿನಿಂದಲ್ಲ, ಕಾಯಲು ಕೂಡ ಅಲ್ಲ, ಅವನು ಯಾವುದನ್ನು ಬಿಡುತ್ತಾನೆ ಅಂತ ನೋಡುವ ಕುತೂಹಲ ಇನ್ನೂ ಅಷ್ಟು ಉಳಿದಿತ್ತು. "ಊಂ, ಊಂ," ಅಂದ ಅವನು, ಕುತ್ತಿಗೆ ಮುಂದೆ ಚಾಚಿ. ಸ್ವಲ್ಪ ಇರು ಅಂತ ಇರಬೇಕು. ಇಲ್ಲವೇ, ಬೇಡ ಅಂತ. ಯಾವುದನ್ನೂ ಬಿಡಲಿಲ್ಲ.

ಅವಳು ಬಾಗಿಲು ದಾಟಿ ಬೀದಿಗೆ ಇಳಿದಳು.

ಬಿಸಿಲು ಇನ್ನೂ ಜೋರಾಗಿತ್ತು. ಎದುರಿನ ಔಷಧಿ ಅಂಗಡಿಯವನು ಮರದ ಬಾಗಿಲಿಗೆ ಒರಗಿ ಆಕಳಿಸುತ್ತಿದ್ದ. ಅವಳನ್ನು ನೋಡಿ ಅಭ್ಯಾಸದಂತೆ, ಏನಕ್ಕಾ, ಅದೇ ಮಾತ್ರೇನಾ ಅಂದ. ಇವತ್ತು ಬೇಡ ಅಂದಳು. ತಿರುವಿನ ಹತ್ತಿರ ಬರುವ ಹೊತ್ತಿಗೆ ಹೆಜ್ಜೆ ತಾನಾಗಿ ನಿಂತಿತು. ದಬ್ಬಣ. ದಿಂಬಿಗೆ ಚುಚ್ಚಿ ಸ್ಟೂಲಿನ ಮೇಲೆ ಹಾಗೇ ಬಿಟ್ಟು ಬಂದಿದ್ದಳು. ಬಟ್ಟೆಯಲ್ಲಿ ಸೂಜಿ ಬಿಟ್ಟು ಏಳಬಾರದು, ಯಾರ ಮೈಗೆ ಹೋಗುತ್ತೋ ಅಂತ ಅಪ್ಪ ಕಲಿಸಿದ್ದ. ಅಷ್ಟು ದಿನದ ಕೆಲಸದಲ್ಲಿ ಒಮ್ಮೆಯೂ ಮರೆತಿರಲಿಲ್ಲ. ಗಂಡ ಈಗ ಮೊಳೆ ಉಗುಳಿ, ಮೇಸ್ತ್ರಿ ಮಗಳೇ ಅಂತ ಒಮ್ಮೆ ಕೂಗಿ, ಬಾಗಿಲಿಗೆ ಬಂದು ನೋಡಿ, ಒಳಗೆ ಹೋಗಿ ಆ ಸ್ಟೂಲಿನ ಮೇಲೆ ಕೂರುತ್ತಾನೆ. ಅವನಿಗೆ ಬೇಜಾರಾದಾಗ ಕೂರುವುದು ಅವಳ ಸ್ಟೂಲಿನ ಮೇಲೇ. ಕೂರುವ ಮೊದಲು ದಿಂಬು ಎತ್ತುತ್ತಾನೆ, ಎತ್ತಿದರೆ ಕಾಣುತ್ತದೆ. ಕಾಣುವಷ್ಟು ಉದ್ದದ ದಬ್ಬಣ ಅದು. ನೋಡಿಕೊಳ್ಳಲಿ.

ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಹಿಂದಿನಿಂದ ಸುತ್ತಿಗೆಯ ಸದ್ದು ಬರುತ್ತಿದೆಯೇ ಅಂತ ಕಿವಿಗೊಟ್ಟಳು. ಬರುತ್ತಿರಲಿಲ್ಲ. ಬಸ್ಸಿನ ಕಡೆ ನಡೆದಳು.